ಮಧ್ಯ ಒರೆಗಾನ್‌ನ ಎತ್ತರದ ಒಣನಾಡಿನಲ್ಲಿ ಸಂಸಾರಕ್ಕೊಂದು ಚಿಕ್ಕ ಮನೆ: ಪ್ರೈನ್‌ವಿಲ್ ಊರೊಳಗೋ, ಹೊರಗಿನ ಐದು ಎಕರೆಯೋ?

ಚಳ್ಳಕೆರೆಯವನು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒರೆಗಾನ್ ರಾಜ್ಯದ ಪ್ರೈನ್‌ವಿಲ್‌ನಲ್ಲಿರುವ ಡೇಟಾ ಸೆಂಟರ್ ಒಂದರಲ್ಲಿ ನಾನು ತಂತ್ರಜ್ಞನಾಗಿ ಕೆಲಸ ಮಾಡುತ್ತಿದ್ದೇನೆ. ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಸದ್ಯ ಹತ್ತಿರದ ರೆಡ್ಮಂಡ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗ್ರೀನ್ ಕಾರ್ಡ್ ಬಂದಿರುವುದರಿಂದ ಸ್ವಂತ ಮನೆ ಕೊಳ್ಳುವ ಆಲೋಚನೆ ಗಟ್ಟಿಯಾಗಿದೆ. ಆದರೆ ಬೆಂಡ್ ನಗರದ ಬೆಲೆ ನಮ್ಮ ಸಂಬಳಕ್ಕೆ ಎಟುಕುವುದಲ್ಲ.

ಮೂರು ಮನೆಗಳನ್ನು ನೋಡಿಟ್ಟಿದ್ದೇವೆ. ಮೊದಲನೆಯದು ಪ್ರೈನ್‌ವಿಲ್ ಊರೊಳಗೆ 1960ರ ದಶಕದಲ್ಲಿ ಕಟ್ಟಿದ ಮೂರು ಕೋಣೆಗಳ ಚಿಕ್ಕ ಮನೆ. ಅದಕ್ಕೆ ನಗರಸಭೆಯ ನೀರು ಮತ್ತು ಒಳಚರಂಡಿ ಎರಡೂ ಇವೆ. ಎರಡನೆಯದು ಜುನಿಪರ್ ಕ್ಯಾನ್ಯನ್ ಕಡೆ ಐದು ಎಕರೆಯ ಮೇಲಿರುವ, 1990ರ ದಶಕದ ಮ್ಯಾನುಫ್ಯಾಕ್ಚರ್ಡ್ ಮನೆ, ಅಂದರೆ ಕಾರ್ಖಾನೆಯಲ್ಲಿ ಮಾಡಿ ತಂದು ಕೂರಿಸಿದ ಮನೆ. ಕೊಳವೆ ಬಾವಿ, ಸೆಪ್ಟಿಕ್ ಟ್ಯಾಂಕ್, ಜಲ್ಲಿಕಲ್ಲಿನ ಖಾಸಗಿ ರಸ್ತೆ. ಮೂರನೆಯದು ಲಾ ಪೈನ್ ಬಳಿ ಇಪ್ಪತ್ತು ಗುಂಟೆ ಜಾಗದಲ್ಲಿರುವ ಮರದ ಮನೆ. ಬೆಲೆಯಲ್ಲಿ ಮೂರಕ್ಕೂ ಹೆಚ್ಚು ಅಂತರವಿಲ್ಲ. ನನ್ನ ಮನಸ್ಸು ಐದು ಎಕರೆಯ ಕಡೆಗಿದೆ, ಹೆಂಡತಿಯ ಮನಸ್ಸು ಊರೊಳಗಿನ ಮನೆಯ ಕಡೆಗಿದೆ. ಅಮ್ಮ ಪ್ರತಿ ವರ್ಷ ಕೆಲವು ತಿಂಗಳು ನಮ್ಮೊಂದಿಗೆ ಇರಲು ಬರುತ್ತಾರೆ; ಅವರಿಗೂ ಅನುಕೂಲವಾಗಬೇಕು. ಇಲ್ಲಿ ನೆಲೆಸಿದವರು ದಯವಿಟ್ಟು ಏನೇನು ನೋಡಬೇಕೆಂದು ತಿಳಿಸಿ.

ಓಚೊಕೊ ತಪ್ಪಲು

ಚಳ್ಳಕೆರೆಯವರೇ, ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ. ನಾನು ಈ ಭಾಗಕ್ಕೆ ಬಂದು ಬಹಳ ಕಾಲವಾಯಿತು, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪ್ರೈನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 2,870 ಅಡಿ ಎತ್ತರದಲ್ಲಿದೆ. ಕ್ಯಾಸ್ಕೇಡ್ ಪರ್ವತಸಾಲು ಪೆಸಿಫಿಕ್ ಸಾಗರದ ಮೋಡಗಳನ್ನು ಪಶ್ಚಿಮದಲ್ಲೇ ಬರಿದು ಮಾಡಿಬಿಡುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮದ ನೀರು ಸುಮಾರು ಹತ್ತು ಇಂಚು ಮಾತ್ರ. ನಿಮ್ಮ ಚಳ್ಳಕೆರೆಯಲ್ಲಿ ಬೀಳುವುದಕ್ಕಿಂತ ಇದು ಬಹಳ ಕಡಿಮೆ. ಆದ್ದರಿಂದ ಊರ ಹೊರಗೆ ಮನೆ ನೋಡುವಾಗ ಅಡುಗೆಮನೆಯ ಕಪಾಟಿಗಿಂತ ಮೊದಲು ನೋಡಬೇಕಾದದ್ದು ಬಾವಿಯ ಕಾಗದ.

ಒರೆಗಾನ್‌ನಲ್ಲಿ ಬಾವಿ ಕೊರೆದವರು ಅದರ ವರದಿಯನ್ನು ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 1955ರ ಅಂತರ್ಜಲ ಕಾಯ್ದೆಯ ಕಾಲದಿಂದ ಇದೆ. ಆ ವರದಿಗಳನ್ನು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಷ್ಟು ಅಡಿ ಕೊರೆದರು, ಯಾವ ಆಳದಲ್ಲಿ ನೀರು ಸಿಕ್ಕಿತು, ಕೊರೆದ ದಿನ ನೀರು ಎಷ್ಟು ಅಡಿ ಕೆಳಗೆ ನಿಂತಿತ್ತು, ನಿಮಿಷಕ್ಕೆ ಎಷ್ಟು ಗ್ಯಾಲನ್ ಬಂತು, ಕೇಸಿಂಗ್ ಎಲ್ಲಿಯವರೆಗೆ ಇಳಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಬಾವಿಯದಷ್ಟೇ ಅಲ್ಲ, ಸುತ್ತಲಿನ ಬಾವಿಗಳ ವರದಿಯನ್ನೂ ತೆರೆದು ನೋಡಿ. ಹೊಸದಾಗಿ ಕೊರೆದ ಬಾವಿಗಳು ಹಳೆಯವಕ್ಕಿಂತ ತುಂಬ ಆಳಕ್ಕೆ ಹೋಗಿದ್ದರೆ ನೆಲದೊಳಗಿನ ನೀರು ಇಳಿಯುತ್ತಿದೆಯೆಂದೇ ತಿಳಿಯಬೇಕು. ಡೆಶೂಟ್ಸ್ ಕಣಿವೆಯ ಕೆಲವು ಭಾಗಗಳಲ್ಲಿ ಹೀಗಾಗುತ್ತಿರುವುದು ನಿಜ. ವರದಿಯಲ್ಲಿರುವ ಅಂಕಿಗಳು ಬಾವಿ ಕೊರೆದ ದಿನದವು ಆದ್ದರಿಂದ, ಖರೀದಿಗೆ ಮುನ್ನ ಪಂಪನ್ನು ಕೆಲವು ಗಂಟೆ ಸತತವಾಗಿ ಓಡಿಸಿ ಇಳುವರಿ ಪರೀಕ್ಷೆ ಮಾಡಿಸುವುದನ್ನು ಯಾವ ಕಾರಣಕ್ಕೂ ಬಿಡಬೇಡಿ.

ನೀರಿನ ಗುಣದ ಬಗ್ಗೆ ಒರೆಗಾನ್ ಕಾನೂನು ಕೊಳ್ಳುವವರ ಪರವಾಗಿದೆ. ಕುಡಿಯುವ ನೀರಿನ ಬಾವಿಯಿರುವ ಮನೆಯನ್ನು ಮಾರುವವರು ಖರೀದಿದಾರರ ಕರಾರನ್ನು ಒಪ್ಪಿದ ಮೇಲೆ ಆರ್ಸೆನಿಕ್, ನೈಟ್ರೇಟ್ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಆರೋಗ್ಯ ಪ್ರಾಧಿಕಾರಕ್ಕೂ ಖರೀದಿದಾರರಿಗೂ 90 ದಿನಗಳೊಳಗೆ ಕೊಡಬೇಕು. ಆದರೆ ಮಾರುವವರು ಅದನ್ನು ಮಾಡದಿದ್ದರೂ ಮಾರಾಟ ರದ್ದಾಗುವುದಿಲ್ಲ, ತೊಂಬತ್ತು ದಿನಗಳೊಳಗೆ ನೀವು ಮನೆಗೆ ಬಂದು ಆ ನೀರನ್ನೇ ಕುಡಿಯುತ್ತಲೂ ಇರಬಹುದು. ಆದ್ದರಿಂದ ಕ್ಲೋಸಿಂಗ್‌ಗೆ (ಖರೀದಿ ಪೂರ್ಣಗೊಳ್ಳುವ ದಿನಕ್ಕೆ) ಮೊದಲೇ ಫಲಿತಾಂಶ ಕೈಸೇರಬೇಕೆಂಬ ಷರತ್ತನ್ನು ಕರಾರಿನಲ್ಲೇ ಬರೆಸಿ. ಕುಡಿಯುವ ನೀರಿನ ರಾಷ್ಟ್ರೀಯ ಮಿತಿಯ ಪ್ರಕಾರ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ನೈಟ್ರೇಟ್ ಸಾರಜನಕದ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಖಾಸಗಿ ಬಾವಿಯ ನೀರನ್ನು ಆಮೇಲೆ ಯಾವ ಸರಕಾರಿ ಸಂಸ್ಥೆಯೂ ಬಂದು ಪರೀಕ್ಷಿಸುವುದಿಲ್ಲ, ಅದು ನಿಮ್ಮದೇ ಹೊಣೆ.

ಇನ್ನೊಂದು ಮಾತು. ಇಲ್ಲಿ ಕರೆಂಟು ಹೋದರೆ ಬಾವಿಯ ನೀರೂ ನಿಲ್ಲುತ್ತದೆ. ಹೊರವಲಯದಲ್ಲಿ ಇರುವವರು ಪಂಪನ್ನು ಎತ್ತಬಲ್ಲ ಜನರೇಟರಿಗೂ ಸಂಗ್ರಹದ ತೊಟ್ಟಿಗೂ ಹಣ ತೆಗೆದಿಡಬೇಕಾಗುತ್ತದೆ.

ಗೃಹಸಾಲ ಬಲ್ಲವರು

ನೀರಿನ ವಿಷಯ ಮೇಲಿನವರು ಸಮರ್ಪಕವಾಗಿ ಹೇಳಿದ್ದಾರೆ, ನಾನು ಸಾಲದ ಬಗ್ಗೆ ಮಾತ್ರ ಹೇಳುತ್ತೇನೆ. ಗ್ರಾಮೀಣ ಪ್ರದೇಶದ ಮನೆಗಳಿಗೆ ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಖಾತರಿ ಸಾಲವಿದೆ. ಇದಕ್ಕೆ ಡೌನ್ ಪೇಮೆಂಟ್ ಬೇಕಿಲ್ಲ. ಕುಟುಂಬದ ಒಟ್ಟು ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಶೇಕಡಾ 115ನ್ನು ಮೀರಿರಬಾರದು, ಮತ್ತು ಮನೆಯ ವಿಳಾಸ ಇಲಾಖೆಯ ನಕ್ಷೆಯಲ್ಲಿ ಅರ್ಹವೆಂದು ಗುರುತಾಗಿರಬೇಕು. ಈಗಿನ ದರದಲ್ಲಿ ಮೊದಲಿಗೆ ಶೇಕಡಾ 1 ಖಾತರಿ ಶುಲ್ಕ, ಆಮೇಲೆ ಪ್ರತಿ ವರ್ಷ ಉಳಿದ ಸಾಲದ ಶೇಕಡಾ 0.35 ಕಟ್ಟಬೇಕು. ಈ ವಾರ್ಷಿಕ ಶುಲ್ಕ ಸಾಲ ತೀರುವವರೆಗೂ ಹೋಗುವುದಿಲ್ಲ. ಸರಕಾರದ ಖಾತರಿಯಿಲ್ಲದ ಸಾಮಾನ್ಯ ಕನ್ವೆನ್ಷನಲ್ ಸಾಲದಲ್ಲಾದರೆ ಮನೆಯಲ್ಲಿ ನಿಮ್ಮ ಪಾಲು ಶೇಕಡಾ 20 ಮುಟ್ಟಿದ ಮೇಲೆ ಅಡಮಾನ ವಿಮೆಯನ್ನು ತೆಗೆಸಲು ಅರ್ಜಿ ಹಾಕಬಹುದು. ನಿಮ್ಮಿಬ್ಬರ ಸಂಬಳ ಮಿತಿಯೊಳಗಿದ್ದರೆ ಎರಡನ್ನೂ ಲೆಕ್ಕ ಹಾಕಿಸಿ ಹೋಲಿಸಿ.

ಮ್ಯಾನುಫ್ಯಾಕ್ಚರ್ಡ್ ಮನೆಯ ವಿಷಯದಲ್ಲಿ ಎಚ್ಚರ ಬೇಕು. 1976ರ ಜೂನ್ 15ರಂದು ಕೇಂದ್ರ ಸರಕಾರದ ಕಟ್ಟಡ ಸಂಹಿತೆ ಜಾರಿಗೆ ಬಂದಿತು. ಅದಕ್ಕಿಂತ ಮೊದಲು ತಯಾರಾದ ಮನೆಗೆ ಸಾಲ ಸಿಗುವುದು ಬಹಳ ಕಷ್ಟ. ನೀವು ನೋಡಿರುವುದು ಅದರ ನಂತರದ್ದು, ಸರಿ. ಆದರೂ ಹೊರಗೋಡೆಯ ಮೇಲೆ ಪ್ರಮಾಣೀಕರಣದ ಕೆಂಪು ಲೋಹದ ತಗಡು ಇದೆಯೇ, ಮನೆ ಶಾಶ್ವತ ಅಡಿಪಾಯದ ಮೇಲೆ ಕೂತಿದೆಯೇ, ಜಮೀನಿನೊಂದಿಗೆ ಒಂದೇ ಸ್ಥಿರಾಸ್ತಿಯಾಗಿ ದಾಖಲಾಗಿದೆಯೇ ಎಂಬುದನ್ನು ನೋಡಿ. ದಾಖಲಾಗಿಲ್ಲದಿದ್ದರೆ ಸಾಲದವರ ಕಣ್ಣಿಗೆ ಅದು ಮನೆಯಾಗಿ ಕಾಣುವುದಿಲ್ಲ. ಯುಎಸ್‌ಡಿಎ ಸಾಲದಲ್ಲಿ ಹಳೆಯ ಮ್ಯಾನುಫ್ಯಾಕ್ಚರ್ಡ್ ಮನೆಗಳ ಮೇಲೆ ಇನ್ನೂ ಹೆಚ್ಚಿನ ನಿರ್ಬಂಧಗಳಿವೆ.

ಹಾಸನದಿಂದ ಬಂದವಳು

ಮಧ್ಯೆ ಪ್ರವೇಶಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ. ನಮಗೂ ಈ ಸಾಲ ಸಿಗಬಹುದೇ?

ಗೃಹಸಾಲ ಬಲ್ಲವರು

ಇಲ್ಲ ಮೇಡಂ. ಯುಎಸ್‌ಡಿಎ ಸಾಲಕ್ಕೆ ಎಚ್-1ಬಿ ಸಾಲದು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರು ಅರ್ಜಿ ಹಾಕಬಹುದು. ಕೇಂದ್ರದ ವಸತಿ ಆಡಳಿತ ವಿಮೆ ಕೊಡುವ ಎಫ್‌ಎಚ್‌ಎ ಸಾಲವೂ 2025ರ ಮೇ 25ರಿಂದ ಶಾಶ್ವತ ನಿವಾಸಿಗಳಲ್ಲದವರಿಗೆ ಮುಚ್ಚಿಹೋಗಿದೆ. ನಿಮಗೆ ಉಳಿದಿರುವ ದಾರಿ ಕನ್ವೆನ್ಷನಲ್ ಸಾಲ. ಅದನ್ನು ಎಚ್-1ಬಿಯವರಿಗೆ ಕೊಡುವ ಬ್ಯಾಂಕುಗಳಿವೆ. ವೀಸಾ ಅವಧಿ ಮತ್ತು ಕೆಲಸದ ಪತ್ರವನ್ನು ಸರಿಯಾಗಿ ಇಟ್ಟುಕೊಳ್ಳಿ.

ಲಾ ಪೈನ್ ನಿವಾಸಿ

ಮೂರನೆಯ ಮನೆಯ ಬಗ್ಗೆ ನಾನು ಹೇಳಬೇಕು. ಲಾ ಪೈನ್ ಸುತ್ತಮುತ್ತ 1960 ಮತ್ತು 70ರ ದಶಕಗಳಲ್ಲಿ ಸಾವಿರಾರು ಚಿಕ್ಕ ನಿವೇಶನಗಳನ್ನು ಮಾಡಿ ಮಾರಿದರು. ಅರ್ಧ ಎಕರೆ, ಒಂದು ಎಕರೆಯ ಒಂದೊಂದು ತುಂಡಿನಲ್ಲೂ ಒಂದು ಬಾವಿ ಮತ್ತು ಒಂದು ಸೆಪ್ಟಿಕ್ ಟ್ಯಾಂಕ್. ಇಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿ ಮತ್ತು ಪ್ಯೂಮಿಸ್ ಕಲ್ಲಿನ ಪುಡಿ. ನೀರು ಸರಸರನೆ ಇಳಿಯುತ್ತದೆ, ಅಂತರ್ಜಲವೂ ಮೇಲೆಯೇ ಇದೆ. ಹೀಗಾಗಿ ಸೆಪ್ಟಿಕ್ ನೀರಿನ ನೈಟ್ರೇಟ್ ಕುಡಿಯುವ ನೀರಿಗೆ ಸೇರುವ ಸಮಸ್ಯೆಯನ್ನು ಕೇಂದ್ರದ ಭೂವಿಜ್ಞಾನ ಸಂಸ್ಥೆಯೂ ರಾಜ್ಯದ ಪರಿಸರ ಇಲಾಖೆಯೂ ವರ್ಷಗಟ್ಟಲೆ ಅಧ್ಯಯನ ಮಾಡಿವೆ. ನೀರು ತೀರ ಮೇಲಿರುವ ಕೆಲವು ನಿವೇಶನಗಳಲ್ಲಿ ಸೆಪ್ಟಿಕ್ ಹಾಕಲು ಪರವಾನಗಿಯೇ ಸಿಗುವುದಿಲ್ಲ. ಅವನ್ನು ಇಲ್ಲಿ 'ರೆಡ್ ಲಾಟ್' ಎನ್ನುತ್ತಾರೆ, ಮತ್ತು ಅಗ್ಗವೆಂದು ಕೊಂಡವರು ಕಷ್ಟಪಟ್ಟಿದ್ದಾರೆ. ನೀವು ನೋಡಿರುವುದರಲ್ಲಿ ಮನೆ ಈಗಾಗಲೇ ಇದೆ. ಆದರೂ ಸೆಪ್ಟಿಕ್ ಕೆಟ್ಟರೆ ಹೊಸದಾಗಿ ಸಾಧಾರಣ ವ್ಯವಸ್ಥೆಗೆ ಒಪ್ಪಿಗೆ ಸಿಗುತ್ತದೆಯೋ, ಸಾರಜನಕ ಕಡಿಮೆ ಮಾಡುವ ದುಬಾರಿ ವ್ಯವಸ್ಥೆಯೇ ಬೇಕಾಗುತ್ತದೆಯೋ ಎಂಬುದನ್ನು ಕೌಂಟಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಡ್ರೈನ್‌ಫೀಲ್ಡ್ (ಸೆಪ್ಟಿಕ್ ನೀರು ಇಂಗುವ ಜಾಗ) ಮತ್ತೆ ತೋಡಲು ಜಾಗ ಉಳಿದಿದೆಯೇ ಎಂದೂ ನೋಡಿ, ಇಪ್ಪತ್ತು ಗುಂಟೆಯಲ್ಲಿ ಅದು ಸುಲಭವಲ್ಲ. ಅಲ್ಲದೆ ಲಾ ಪೈನ್‌ನಿಂದ ಪ್ರೈನ್‌ವಿಲ್‌ಗೆ ದಿನಾ ಹೋಗಿಬರುವುದು, ಅದರಲ್ಲೂ ಚಳಿಗಾಲದ ಮಂಜುಗಟ್ಟಿದ ರಸ್ತೆಯಲ್ಲಿ, ಮಕ್ಕಳಿರುವವರಿಗೆ ನಾನು ಹೇಳುವ ದಾರಿಯಲ್ಲ.

ಬೆಂಡ್‌ನ ಸಹೋದರಿ

ಯಾರೂ ಇನ್ನೂ ಬೆಂಕಿಯ ಬಗ್ಗೆ ಬರೆದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 2024ರ ಜೂನ್‌ನಲ್ಲಿ ಡಾರ್ಲೀನ್ 3 ಎಂಬ ಕಾಡ್ಗಿಚ್ಚು ಲಾ ಪೈನ್ ಅಂಚಿಗೇ ಬಂದು ನೂರಾರು ಮನೆಗಳ ಜನ ಹೊರಡಬೇಕಾಯಿತು. 2025ರ ಜುಲೈನಲ್ಲಿ ಮ್ಯಾಡ್ರಸ್ ಬಳಿಯ ಕ್ರ್ಯಾಮ್ ಬೆಂಕಿ ಸುಮಾರು 95,000 ಎಕರೆ ಸುಟ್ಟಿತು; ಅದು ದಟ್ಟ ಕಾಡಲ್ಲ, ನೀವು ದಿನವೂ ನೋಡುವ ಹುಲ್ಲು, ಸೇಜ್ ಗಿಡ, ಜುನಿಪರ್ ಮರಗಳ ಬಯಲು. ಮರವಿಲ್ಲದ ಜಾಗಕ್ಕೆ ಬೆಂಕಿ ಬರುವುದಿಲ್ಲವೆಂದು ನಮ್ಮವರು ಅನೇಕರು ನಂಬಿದ್ದಾರೆ, ಇಲ್ಲಿ ಹಾಗಲ್ಲ.

2021ರ ಕಾನೂನಿನಂತೆ ರಾಜ್ಯ ಸರಕಾರ ಬೆಂಕಿಯ ಅಪಾಯದ ನಕ್ಷೆ ಮಾಡಿತ್ತು. ಜನರ ವಿರೋಧ ಬಂದದ್ದರಿಂದ 2025ರಲ್ಲಿ ಅದನ್ನು ರದ್ದುಮಾಡಿದರು. ನಕ್ಷೆ ಹೋಯಿತೆಂದು ವಿಮೆ ಅಗ್ಗವಾಗಲಿಲ್ಲ, ಏಕೆಂದರೆ ವಿಮಾ ಕಂಪನಿಗಳು ತಮ್ಮದೇ ಲೆಕ್ಕವನ್ನು ಬಳಸುತ್ತವೆ. ಅಗ್ನಿಶಾಮಕ ಠಾಣೆ ಎಷ್ಟು ದೂರ, ಹತ್ತಿರದಲ್ಲಿ ಬೆಂಕಿ ನಂದಿಸುವ ನೀರಿನ ಹೈಡ್ರಂಟ್ ಇದೆಯೇ, ಆ ಜಾಗ ಅಗ್ನಿಶಾಮಕ ಜಿಲ್ಲೆಯ (ಸೇವೆ ಸಿಗುವ ಪ್ರದೇಶದ) ಗಡಿಯೊಳಗಿದೆಯೇ ಎಂದು ಅವರು ಕೇಳುತ್ತಾರೆ. ಜುನಿಪರ್ ಕ್ಯಾನ್ಯನ್‌ನಲ್ಲಿ ಅಷ್ಟೊಂದು ಮನೆಗಳಿಗೆ ಊರಿನತ್ತ ಹೊರಬರುವ ಮುಖ್ಯ ರಸ್ತೆ ಒಂದೇ ಎಂಬುದು ಅಲ್ಲಿನವರ ಹಳೆಯ ಚಿಂತೆ. ಹೊಗೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಟರೆ ಏನಾದೀತೆಂದು ಯೋಚಿಸಿ. ನೀವು ಕೆಲಸದಲ್ಲಿರುವಾಗ ಕಾರು ಓಡಿಸಲು ಬಾರದ ತಾಯಿಯವರು ಮನೆಯಲ್ಲಿ ಒಬ್ಬರೇ ಇರುವ ಸಂದರ್ಭವನ್ನೂ ಯೋಚಿಸಿ. ಮನೆಗೆ ಬೆಲೆ ಹೇಳುವ ಮೊದಲೇ, ಆ ವಿಳಾಸಕ್ಕೆ ವಿಮೆಯ ದರವನ್ನು ಬರಹದಲ್ಲಿ ತರಿಸಿಕೊಳ್ಳಿ. ಯಾರೂ ಕೊಡದಿದ್ದರೆ ರಾಜ್ಯದ ಫೇರ್ ಪ್ಲಾನ್ ಎಂಬ ವಿಮೆ ಇದೆ, ಆದರೆ ಅದು ಕೊನೆಯ ಆಸರೆ, ಅದರ ರಕ್ಷಣೆ ಸೀಮಿತ.

ಚಳ್ಳಕೆರೆಯವನು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಐದು ಎಕರೆಯ ಮೇಲೆ ನನಗೆ ಆಸೆ ಹುಟ್ಟಲು ಕಾರಣ ಅಪ್ಪನ ಹೊಲ. ಒಂದು ಎಕರೆಯಲ್ಲಿ ತರಕಾರಿ, ಉಳಿದದ್ದರಲ್ಲಿ ಒಂದಿಷ್ಟು ಆಲ್ಫಾಲ್ಫಾ ಮೇವು ಬೆಳೆದು ಕುರಿ ಸಾಕಬಹುದೆಂದು ಲೆಕ್ಕ ಹಾಕಿದ್ದೆ. ಬಾವಿ ನನ್ನದಾದರೆ ನೀರೂ ನನ್ನದಲ್ಲವೇ?

ಓಚೊಕೊ ತಪ್ಪಲು

ಅಲ್ಲ ಸರ್. ನಮ್ಮೂರಿನಲ್ಲಿ ಹೊಲದವನು ಬೋರ್ ಕೊರೆಸಿದರೆ ಆ ನೀರು ಅವನದೇ ಎಂಬ ನಂಬಿಕೆಯಲ್ಲಿ ಬೆಳೆದಿದ್ದೇವೆ. ಒರೆಗಾನ್‌ನಲ್ಲಿ ನೆಲದ ಮೇಲಿನದೂ ಒಳಗಿನದೂ ಎಲ್ಲ ನೀರು ಸಾರ್ವಜನಿಕರದ್ದು. ಬಳಸಲು ರಾಜ್ಯ ಕೊಡುವ ಹಕ್ಕು ಬೇಕು. ಮನೆಬಳಕೆಯ ಬಾವಿಗೆ ಮಾತ್ರ ವಿನಾಯಿತಿಯಿದೆ: ದಿನಕ್ಕೆ 15,000 ಗ್ಯಾಲನ್, ಅಂದರೆ ಸುಮಾರು 57,000 ಲೀಟರ್‌ವರೆಗೆ ಮನೆಗೆ ಬಳಸಬಹುದು, ಮತ್ತು ಮಾರಾಟಕ್ಕಲ್ಲದ ಕೈತೋಟಕ್ಕೋ ಹುಲ್ಲುಹಾಸಿಗೋ ಅರ್ಧ ಎಕರೆಯವರೆಗೆ ನೀರುಣಿಸಬಹುದು. ಕುರಿಗಳಿಗೆ ಕುಡಿಯಲು ಕೊಡಬಹುದು. ಆದರೆ ಆಲ್ಫಾಲ್ಫಾಕ್ಕೆ ಆ ಬಾವಿಯಿಂದ ನೀರು ಹಾಯಿಸುವಂತಿಲ್ಲ.

ನೀರಾವರಿ ಹಕ್ಕಿರುವ ಜಮೀನು ಬೇರೆಯೇ ಇದೆ. ಪ್ರೈನ್‌ವಿಲ್ ಸುತ್ತ ಓಚೊಕೊ ನೀರಾವರಿ ಜಿಲ್ಲೆ ಎಂಬ ಸಂಸ್ಥೆಯ ಕಾಲುವೆ ನೀರು ಬರುವ ತುಂಡುಗಳು ಬೆಲೆಯಲ್ಲೂ ಹೆಚ್ಚು. ಆ ಹಕ್ಕು ಮನುಷ್ಯನದ್ದಲ್ಲ, ಜಮೀನಿಗೆ ಅಂಟಿಕೊಂಡದ್ದು. ಸತತ ಐದು ವರ್ಷ ಬಳಸದೆ ಬಿಟ್ಟರೆ ಕಳೆದುಹೋಗುವ ಸಾಧ್ಯತೆಯಿದೆ. ಜಾಹೀರಾತಿನಲ್ಲಿ 'ನೀರಾವರಿ ಉಂಟು' ಎಂದಿದ್ದರೆ ಸಾಲದು, ಎಷ್ಟು ಎಕರೆಗೆ ಎಂಬ ದಾಖಲೆ ನೋಡಿ. ಇನ್ನು ತರಕಾರಿಯ ವಿಷಯ. ಇಲ್ಲಿ ಬೇಸಿಗೆಯ ತಿಂಗಳಲ್ಲೂ ಕೆಲವು ರಾತ್ರಿ ಹಿಮ ಕವಿದು ಎಳೆಯ ಗಿಡ ಕರಕಲಾಗುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆಯನ್ನು ಪ್ಲಾಸ್ಟಿಕ್ ಹೊದಿಕೆಯ ಚಿಕ್ಕ ಹಸಿರುಮನೆಯಲ್ಲಿ ಚೆನ್ನಾಗಿ ಬೆಳೆಯಬಹುದು, ಅದಕ್ಕೆ ಊರೊಳಗಿನ ಮನೆಯ ಹಿತ್ತಲೂ ಸಾಕು. ಅಪ್ಪನ ಹೊಲದ ನೆನಪು ದೊಡ್ಡದು, ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಈ ಐದು ಎಕರೆ ಆ ಹೊಲವಾಗುವುದಿಲ್ಲ.

ಕ್ಯಾನ್ಯನ್‌ನಲ್ಲಿ ಇರುವವನು

ಮೇಲಿನವರ ಮಾತುಗಳನ್ನು ಒಪ್ಪುತ್ತಲೇ ಇನ್ನೊಂದು ಮಗ್ಗುಲನ್ನೂ ಹೇಳಬೇಕೆನಿಸಿತು. ನಾವು ಅದೇ ಕಡೆ ಇದ್ದೇವೆ, ನೆಮ್ಮದಿಯಾಗಿಯೂ ಇದ್ದೇವೆ. ರಾತ್ರಿ ಆಕಾಶದಲ್ಲಿ ಹಾಲುಹಾದಿ ಬರಿಗಣ್ಣಿಗೆ ಕಾಣುತ್ತದೆ, ಮಕ್ಕಳು ಜಿಂಕೆಗಳ ನಡುವೆ ಬೆಳೆಯುತ್ತಾರೆ, ನೆರೆಯವರು ಕಷ್ಟಕ್ಕೆ ಓಡಿಬರುತ್ತಾರೆ. ಪ್ರೈನ್‌ವಿಲ್ ಬಟ್ಟಲಿನಂಥ ತಗ್ಗಿನಲ್ಲಿರುವುದರಿಂದ ಚಳಿಗಾಲದಲ್ಲಿ ಸೌದೆ ಒಲೆಯ ಹೊಗೆ ಊರ ಮೇಲೆಯೇ ನಿಲ್ಲುತ್ತದೆ; ಉಬ್ಬಸವಿರುವವರಿಗೆ ಅದು ಸಣ್ಣ ವಿಷಯವಲ್ಲ. ಆದರೆ ಇಲ್ಲಿ ಬರುವವರ ಕೈಯಲ್ಲಿ ಮನೆ ಕೊಂಡ ಮೇಲೂ ಹಣ ಉಳಿದಿರಬೇಕು. ಪಂಪು ಕೆಡುತ್ತದೆ, ರಸ್ತೆಗೆ ಜಲ್ಲಿ ಹಾಕಿಸಬೇಕು, ಹಿಮ ತೆಗೆಸಬೇಕು, ಮನೆ ಸುತ್ತಲಿನ ಜುನಿಪರ್ ಕಡಿಸಬೇಕು. ಖಾಸಗಿ ರಸ್ತೆಯ ದುರಸ್ತಿಗೆ ಯಾರು ಎಷ್ಟು ಕೊಡಬೇಕೆಂಬ ಬರಹದ ಒಪ್ಪಂದ ಇಲ್ಲದಿದ್ದರೆ ನೆರೆಹೊರೆಯ ಸಂಬಂಧವೇ ಹಾಳಾಗುತ್ತದೆ, ಸಾಲ ಕೊಡುವವರೂ ಅದನ್ನು ಕೇಳುತ್ತಾರೆ. ಉಳಿತಾಯವನ್ನೆಲ್ಲ ಖರೀದಿಗೇ ಸುರಿಯಬೇಕಾಗಿರುವವರು ಮೊದಲು ಊರೊಳಗೆ ಕೆಲವು ವರ್ಷ ಇದ್ದು ಈ ಸೀಮೆಯನ್ನು ಅರಿತುಕೊಳ್ಳುವುದು ಒಳ್ಳೆಯದೆಂದು ನಾನೂ ಹೇಳುತ್ತೇನೆ.

ಚಳ್ಳಕೆರೆಯವನು

ಎಲ್ಲರ ಮಾತನ್ನು ಮನೆಯಲ್ಲಿ ಕೂತು ಓದಿದೆವು. ಕ್ಯಾನ್ಯನ್ ಮನೆಯ ವಿಮೆಗೆ ಬಂದ ದರ ಊರೊಳಗಿನ ಮನೆಯ ದರಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಸುತ್ತಲಿನ ಹೊಸ ಬಾವಿಗಳೂ ಆ ಮನೆಯ ಬಾವಿಗಿಂತ ಆಳವಾಗಿವೆ. ಮಾಸಿಕ ಕಂತು ಎರಡಕ್ಕೂ ಒಂದೇ ಆದರೂ ಕಂತಿನ ಹೊರಗಿನ ಖರ್ಚು ಒಂದೇ ಅಲ್ಲವೆಂಬುದು ಈಗ ಸ್ಪಷ್ಟವಾಗಿದೆ. ಊರೊಳಗಿನ ಮನೆಯಿಂದ ಶಾಲೆ, ದಿನಸಿ ಅಂಗಡಿ, ಆಸ್ಪತ್ರೆ ಎಲ್ಲವೂ ಹತ್ತಿರ. ಅಮ್ಮ ಒಬ್ಬರೇ ನಡೆದು ಹೋಗಿಬರಬಹುದು. ಬಾಗಿಲು ಪೂರ್ವಕ್ಕಿದೆಯೆಂದು ಅವರಿಗೆ ಸಂತೋಷವೂ ಆಗಿದೆ. ಆ ಮನೆಗೇ ಬೆಲೆ ಹೇಳಬೇಕೆಂದು ನಿರ್ಧರಿಸಿದ್ದೇವೆ. ಹಳೆಯ ಮನೆಯಾದ್ದರಿಂದ ಇನ್‌ಸ್ಪೆಕ್ಷನ್‌ನಲ್ಲಿ ಏನನ್ನು ವಿಶೇಷವಾಗಿ ಕೇಳಬೇಕು?

ಓಚೊಕೊ ತಪ್ಪಲು

ಒಳ್ಳೆಯ ನಿರ್ಧಾರ. ಸಾಮಾನ್ಯ ಇನ್‌ಸ್ಪೆಕ್ಷನ್ ಜೊತೆಗೆ ಮನೆಯಿಂದ ಬೀದಿಯವರೆಗಿನ ಒಳಚರಂಡಿ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ. ಆ ಕಾಲದ ಕೊಳವೆಗಳಲ್ಲಿ ಬೇರು ನುಗ್ಗಿರುವುದು, ಕುಸಿದಿರುವುದು ಸಾಮಾನ್ಯ. ಅಗೆದು ಬದಲಿಸುವ ಖರ್ಚು ದೊಡ್ಡದು. ನೆಲದಡಿಯ ತೆವಳುವ ಜಾಗಕ್ಕೆ ಇನ್‌ಸ್ಪೆಕ್ಟರ್ ನಿಜವಾಗಿ ಇಳಿದು ಫೋಟೊ ತೆಗೆದುಕೊಡಬೇಕೆಂದು ಹೇಳಿ. ಅಲ್ಲಿನ ನೀರಿನ ಪೈಪುಗಳಿಗೆ ಹೊದಿಕೆ ಇಲ್ಲದಿದ್ದರೆ ಜನವರಿಯ ರಾತ್ರಿ ಹೆಪ್ಪುಗಟ್ಟಿ ಒಡೆಯುತ್ತವೆ. ಕಲಾಯಿ ಪೈಪುಗಳೇ ಉಳಿದಿದ್ದರೆ ಒಳಗೆ ತುಕ್ಕು ಕಟ್ಟಿ ನೀರಿನ ಒತ್ತಡ ಕುಗ್ಗಿರುತ್ತದೆ. ವಿದ್ಯುತ್ ಫಲಕದ ತಯಾರಿಕೆ ಮತ್ತು ವಯಸ್ಸನ್ನು ಬರೆದುಕೊಳ್ಳಿ, ಕೆಲವು ಹಳೆಯ ಫಲಕಗಳಿದ್ದರೆ ವಿಮೆಯವರು ತಕರಾರು ತೆಗೆಯುತ್ತಾರೆ. 1978ಕ್ಕಿಂತ ಹಿಂದಿನ ಮನೆಯಾದ್ದರಿಂದ ಸೀಸದ ಬಣ್ಣದ ಬಗ್ಗೆ ಮಾರುವವರು ತಮಗೆ ತಿಳಿದದ್ದನ್ನು ಬರಹದಲ್ಲಿ ಕೊಡಲೇಬೇಕು. ಮಕ್ಕಳು ಚಿಕ್ಕವರಾದರೆ ಕಿಟಕಿ ಚೌಕಟ್ಟುಗಳನ್ನು ಪರೀಕ್ಷಿಸಿ. ಪ್ರಮಾಣೀಕೃತವಲ್ಲದ ಹಳೆಯ ಸೌದೆ ಒಲೆಯಿದ್ದರೆ ಮಾರಾಟದ ವೇಳೆಗೆ ಅದನ್ನು ತೆಗೆದು ನಾಶಪಡಿಸಬೇಕೆಂಬ ಕಾನೂನು ಒರೆಗಾನ್‌ನಲ್ಲಿ 2010ರಿಂದ ಇದೆ. ಯಾರು ತೆಗೆಸುತ್ತಾರೆಂಬುದನ್ನು ಕರಾರಿನಲ್ಲಿ ಬರೆಸಿ, ಮತ್ತು ಒಲೆ ಹೋದ ಮೇಲೆ ಮನೆಯನ್ನು ಬೆಚ್ಚಗಿಡಲು ಬೇರೇನಿದೆಯೆಂದು ನೋಡಿ.

ಆಸ್ತಿ ತೆರಿಗೆಯ ಬಗ್ಗೆ ನಿಮಗೆ ಚಿಂತೆ ಕಡಿಮೆ. 1997ರ ಮೆಷರ್ 50 ಎಂಬ ರಾಜ್ಯದ ಕಾನೂನಿನ ಪ್ರಕಾರ, ಹೊಸದಾಗಿ ಏನನ್ನೂ ಕಟ್ಟದಿದ್ದರೆ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 3ಕ್ಕಿಂತ ಹೆಚ್ಚು ಏರುವುದಿಲ್ಲ. ಆಸ್ತಿಯ ಹಕ್ಕನ್ನು ಪರಿಶೀಲಿಸುವ ಟೈಟಲ್ ಕಂಪನಿ ಕೊಡುವ ಪ್ರಾಥಮಿಕ ವರದಿಯನ್ನು ಸಹಿ ಹಾಕುವ ಮೊದಲು ಪೂರ್ತಿ ಓದಿ, ಹಿತ್ತಲಲ್ಲಿ ಯಾರಿಗಾದರೂ ದಾರಿ ಅಥವಾ ಪೈಪಿನ ಹಕ್ಕಿದ್ದರೆ ಅದರಲ್ಲಿ ಕಾಣುತ್ತದೆ. ಅಂತಿಮ ಲೆಕ್ಕಪತ್ರ ಕ್ಲೋಸಿಂಗ್‌ಗೆ ಮೂರು ಕೆಲಸದ ದಿನ ಮೊದಲೇ ನಿಮ್ಮ ಕೈಯಲ್ಲಿರಬೇಕು. ಅದನ್ನು ಆರಂಭದ ಅಂದಾಜಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಮನೆಯ ಮುಂದಿನ ಕಾರು ದಾರಿ ಯಾವ ದಿಕ್ಕಿಗಿದೆಯೆಂದು ನೀವು ಹೇಳಿಲ್ಲ. ಅದು ಉತ್ತರಕ್ಕಿದ್ದರೆ ಮನೆಯ ನೆರಳಿನಲ್ಲಿ ಮಂಜುಗಡ್ಡೆ ವಾರಗಟ್ಟಲೆ ಕರಗುವುದಿಲ್ಲ. ತಾಯಿಯವರು ಚಳಿಗಾಲದಲ್ಲಿ ಇರುವುದಾದರೆ ಹಿಡಿದು ನಡೆಯಲು ಒಂದು ಕಂಬಿ ಹಾಕಿಸಿಕೊಳ್ಳಿ.